ಒಂದೇ ಬೆಂಕಿ, ಹಲವು ಲೆಕ್ಕ: ಕೋ-ಜನ್ ಘಟಕಗಳನ್ನು ಅಳೆದ ನೂರು ವರ್ಷ

ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಕಬ್ಬು ಅರೆಯುವ ಹಂಗಾಮು ಹತ್ತಿರವಾದಂತೆ ದರದ ಮಾತಿನ ಜೊತೆ ಇನ್ನೊಂದು ತಕರಾರೂ ಏಳುತ್ತದೆ. ಕಾರ್ಖಾನೆ ನಮ್ಮ ಕಬ್ಬಿನ ಸಿಪ್ಪೆಯನ್ನೇ ಸುಟ್ಟು ಕರೆಂಟು ಮಾರುತ್ತದೆ, ಆ ದುಡ್ಡಿನಲ್ಲಿ ನಮ್ಮ ಪಾಲೆಷ್ಟು ಎಂದು ರೈತರು ಕೇಳುತ್ತಾರೆ. ಆ ಬೆಂಕಿಯಿಂದಲೇ ಸಕ್ಕರೆಯೂ ಬೇಯಬೇಕು, ಬಾಯ್ಲರು ಟರ್ಬೈನಿಗೆ ತಂದ ಸಾಲವೂ ತೀರಬೇಕು ಎಂದು ಆಡಳಿತ ಮಂಡಳಿ ಹೇಳುತ್ತದೆ. ಎರಡೂ ಮಾತು ನಿಜವೇ. ಒಂದೇ ಇಂಧನದಿಂದ ಶಾಖವೂ ವಿದ್ಯುತ್ತೂ ಒಟ್ಟಿಗೆ ಹುಟ್ಟುವಾಗ ಇಂಧನದ ಖರ್ಚನ್ನೂ ಅದರ ಹೊಗೆಯನ್ನೂ ಇವೆರಡರ ನಡುವೆ ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಎಂಜಿನಿಯರುಗಳು ಸುಮಾರು ನೂರು ವರ್ಷದಿಂದ ಉತ್ತರ ಹುಡುಕುತ್ತಿದ್ದಾರೆ. ಒಂದೊಂದು ದೇಶ ಒಂದೊಂದು ಉತ್ತರ ಹಿಡಿದುಕೊಂಡಿದೆ. ಯಾವ ಉತ್ತರವೂ ಪೂರ್ತಿ ನಿಷ್ಪಕ್ಷಪಾತಿಯಲ್ಲ ಎಂಬುದು ಈ ಕ್ಷೇತ್ರದ ಚರಿತ್ರೆ ಓದಿದವರಿಗೆ ಬೇಗ ಗೊತ್ತಾಗುತ್ತದೆ.

ಘಟಕದ ತತ್ವ ಸರಳ. ಕಲ್ಲಿದ್ದಲು ಸುಡುವ ಸಾಮಾನ್ಯ ಸ್ಥಾವರದಲ್ಲಿ ಇಂಧನದ ಶಕ್ತಿಯ ಮೂರನೇ ಒಂದು ಪಾಲು, ಹೆಚ್ಚೆಂದರೆ ಐದರಲ್ಲಿ ಎರಡು ಪಾಲು ವಿದ್ಯುತ್ತಾಗುತ್ತದೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ಕೂಲಿಂಗ್ ಟವರಿನ ಮೂಲಕ ಗಾಳಿಗೆ ಹೋಗುತ್ತದೆ. ಟರ್ಬೈನಿನಿಂದ ಹೊರಬಂದ ಹಬೆಯನ್ನು ಹಾಗೆ ಕಳೆಯದೆ ಮನೆ ಕಾಯಿಸಲೋ, ಬಟ್ಟೆಗೆ ಬಣ್ಣ ಹಾಕಲೋ, ಕಬ್ಬಿನ ಹಾಲು ಇಂಗಿಸಲೋ ಬಳಸಿದರೆ ಅದು ಕೋ-ಜನ್. ಅಮೆರಿಕದ ಲಾಕ್‌ಪೋರ್ಟ್ ಪಟ್ಟಣದಲ್ಲಿ ಬರ್ಡ್‌ಸಿಲ್ ಹಾಲಿ 1877ರಲ್ಲೇ ಕೊಳವೆಯಲ್ಲಿ ಹಬೆ ಹರಿಸಿ ಮನೆಗಳಿಗೆ ಮಾರಿದ್ದ. ಕೋಪನ್‌ಹೇಗನ್‌ಗೆ ಅಂಟಿಕೊಂಡ ಫ್ರೆಡರಿಕ್ಸ್‌ಬರ್ಗ್‌ನಲ್ಲಿ 1903ರಲ್ಲಿ ಊರ ಕಸ ಸುಟ್ಟು ಆಸ್ಪತ್ರೆಗೆ ಶಾಖ ಕೊಟ್ಟರು. ಲೆನಿನ್‌ಗ್ರಾಡಿನ ಮೂರನೇ ವಿದ್ಯುತ್ ಕೇಂದ್ರ 1924ರ ನವೆಂಬರಿನಲ್ಲಿ ಫೊಂಟಾಂಕಾ ನದಿಯ ದಂಡೆಯ ಕಟ್ಟಡಕ್ಕೆ ಬಿಸಿನೀರು ಹರಿಸಿತು, ಅಲ್ಲಿಂದ ಸೋವಿಯತ್ ದೇಶದ ನಗರಗಳೆಲ್ಲ ಆ ದಾರಿ ಹಿಡಿದವು. ಆಗ ಕಾರ್ಯಕ್ಷಮತೆಯ ಲೆಕ್ಕ ಎಂದರೆ ಕೂಡುವ ಲೆಕ್ಕ. ಇಷ್ಟು ವಿದ್ಯುತ್ತು, ಇಷ್ಟು ಶಾಖ, ಎರಡನ್ನೂ ಸೇರಿಸಿ ಇಂಧನದಿಂದ ಭಾಗಿಸಿದರೆ ಶೇಕಡಾ ಎಂಬತ್ತು. ಇವತ್ತಿಗೂ ಕಂಪನಿಗಳ ಕರಪತ್ರಗಳಲ್ಲಿ ಕಾಣುವುದು ಇದೇ ಎಂಬತ್ತು.

ಈ ಕೂಡಿಕೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೂ ಒಂದು ಯೂನಿಟ್ ಬಿಸಿನೀರಿಗೂ ಒಂದೇ ಬೆಲೆ. ವಿದ್ಯುತ್ತಿನಿಂದ ಮೋಟಾರು ತಿರುಗುತ್ತದೆ, ದೀಪ ಉರಿಯುತ್ತದೆ, ಬೇಕಾದರೆ ನೀರೂ ಕಾಯುತ್ತದೆ. ಬಿಸಿನೀರಿನಿಂದ ಆಗುವ ಕೆಲಸ ಕಡಿಮೆ. ಅಮೆರಿಕದ ಎಂಜಿನಿಯರ್ ಜೋಸೆಫ್ ಕೀನನ್ 1932ರಲ್ಲಿ ಬರೆದ ಲೇಖನದಲ್ಲಿ ಹಬೆಯ ಬೆಲೆಯನ್ನು ಅದರಲ್ಲಿರುವ ಶಾಖದ ಪ್ರಮಾಣದಿಂದಲ್ಲ, ಅದರಿಂದ ತೆಗೆಯಬಹುದಾದ ಕೆಲಸದ ಪ್ರಮಾಣದಿಂದ ಕಟ್ಟಬೇಕು ಎಂದ. ಅದಕ್ಕೆ ಎಕ್ಸರ್ಜಿ ಎಂಬ ಹೆಸರು ಬಂದದ್ದು 1956ರಲ್ಲಿ, ಸ್ಲೊವೇನಿಯಾದ ಜೊರಾನ್ ರಾಂಟ್ ಅವರಿಂದ. ಕೀನನ್ ಮಾತು ಪಠ್ಯಪುಸ್ತಕಕ್ಕೆ ಬೇಗ ಸೇರಿತು, ಲೆಕ್ಕಪತ್ರಕ್ಕೆ ಸೇರಲು ತಲೆಮಾರುಗಳೇ ಬೇಕಾದವು.

ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕಿದರೆ ಜಗಳದ ಗಾತ್ರ ಕಾಣುತ್ತದೆ. 100 ಮೆಗಾವಾಟ್-ಗಂಟೆಯಷ್ಟು ಕಲ್ಲಿದ್ದಲು ಸುಟ್ಟು 30 ವಿದ್ಯುತ್ತು, 50 ಶಾಖ ಕೊಡುವ ಘಟಕ ಇದೆ ಎನ್ನಿ. ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಸುಮಾರು 34 ಟನ್. ಶಕ್ತಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಇಂಧನದಲ್ಲಿ ಶೇ 37.5 ವಿದ್ಯುತ್ತಿಗೆ, ಶೇ 62.5 ಶಾಖಕ್ಕೆ ಬೀಳುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ 425 ಗ್ರಾಂ ಕಾರ್ಬನ್ ಡೈಆಕ್ಸೈಡ್, ಒಂದು ಯೂನಿಟ್ ಶಾಖಕ್ಕೂ ಅಷ್ಟೇ. ಈಗ ಕೀನನ್ ದಾರಿ ಹಿಡಿಯಿರಿ. ಹಬೆ 133 ಡಿಗ್ರಿಯಲ್ಲಿದೆ, ಹೊರಗಿನ ಗಾಳಿ 30 ಡಿಗ್ರಿಯಲ್ಲಿದೆ ಎಂದರೆ ಆ ಶಾಖದ ನಾಲ್ಕನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುವಂಥದ್ದು. ಹಂಚಿಕೆ ತಲೆಕೆಳಗಾಗಿ ವಿದ್ಯುತ್ತಿಗೆ ಶೇ 70, ಶಾಖಕ್ಕೆ ಶೇ 30 ಆಗುತ್ತದೆ. ವಿದ್ಯುತ್ತಿನ ಯೂನಿಟ್‌ಗೆ ಸುಮಾರು 800 ಗ್ರಾಂ, ಶಾಖದ ಯೂನಿಟ್‌ಗೆ ಸುಮಾರು 200.

ಭಾರತದ ಗ್ರಿಡ್ಡಿನ ಸರಾಸರಿ ಯೂನಿಟ್‌ಗೆ ಸುಮಾರು 700 ಗ್ರಾಂ. ಹಾಗಾಗಿ ಮೊದಲನೇ ಲೆಕ್ಕದಲ್ಲಿ ಈ ಘಟಕದ ವಿದ್ಯುತ್ತು ಗ್ರಿಡ್ಡಿಗಿಂತ ಬಹಳ ಶುಚಿ, ಎರಡನೆಯದರಲ್ಲಿ ಗ್ರಿಡ್ಡಿಗಿಂತ ಕೊಳಕು. ಶಾಖದ ಕತೆ ಇದಕ್ಕೆ ಉಲ್ಟಾ. ಶೇ 90 ದಕ್ಷತೆಯ ಬರೀ ಬಾಯ್ಲರಿನಲ್ಲಿ ಅದೇ ಕಲ್ಲಿದ್ದಲು ಸುಟ್ಟರೆ ಒಂದು ಯೂನಿಟ್ ಶಾಖಕ್ಕೆ 380 ಗ್ರಾಂ ಆಸುಪಾಸು. ಅಂದರೆ ಮೊದಲ ಲೆಕ್ಕ ನಂಬಿದವನು ಶಾಖಕ್ಕೆ ಕೋ-ಜನ್ ಬೇಡ, ನನ್ನ ಹಳೇ ಬಾಯ್ಲರೇ ವಾಸಿ ಎನ್ನಬೇಕಾಗುತ್ತದೆ. ಚಿಮಣಿಯಿಂದ ಎದ್ದ ಹೊಗೆ ಎರಡೂ ಸಲ ಒಂದೇ, 34 ಟನ್. ಅದೇ 30 ಮೆಗಾವಾಟ್-ಗಂಟೆ ವಿದ್ಯುತ್ತನ್ನು ಗ್ರಿಡ್ಡಿನಿಂದ ತಂದು 50 ಮೆಗಾವಾಟ್-ಗಂಟೆ ಶಾಖವನ್ನು ಬಾಯ್ಲರಿನಲ್ಲಿ ಮಾಡಿಕೊಂಡಿದ್ದರೆ 40 ಟನ್ ಆಗುತ್ತಿತ್ತು. ಆರು ಟನ್ ಉಳಿದದ್ದು ಮಾತ್ರ ಹಂಚಿಕೆಯ ಹಂಗಿಲ್ಲದ ಸತ್ಯ, ಅದೂ ಗ್ರಿಡ್ಡನ್ನೂ ಆ ಬಾಯ್ಲರನ್ನೂ ಹೋಲಿಕೆಗೆ ಒಪ್ಪಿಕೊಂಡ ಮೇಲೆ.

ಸೋವಿಯತ್ ಯೋಜಕರು ಮೂರನೇ ದಾರಿ ತುಳಿದರು. ಶಾಖವನ್ನು ಬಾಯ್ಲರಿನಲ್ಲಿ ಮಾಡಿದಂತೆ ಇಂಧನ ಕಟ್ಟಿ, ಉಳಿದದ್ದನ್ನು ವಿದ್ಯುತ್ತಿಗೆ ಬರೆದರು. ಉಳಿತಾಯದ ಕೀರ್ತಿಯೆಲ್ಲ ವಿದ್ಯುತ್ತಿಗೆ. ಯೂನಿಟ್‌ಗೆ ಎಷ್ಟು ಇಂಧನ ಎಂಬ ಅಂಕಿಅಂಶದಲ್ಲಿ ಅವರ ಕೇಂದ್ರಗಳು ದಶಕಗಟ್ಟಲೆ ಮಿಂಚಿದವು. ಸೋವಿಯತ್ ಒಕ್ಕೂಟ ಒಡೆದು ಮಾರುಕಟ್ಟೆ ಬಂದಾಗ ಇದೇ ಲೆಕ್ಕ ತಿರುಗಿ ಹೊಡೆಯಿತು. ಕೇಂದ್ರದ ಶಾಖ ದುಬಾರಿ ಎನ್ನಿಸಿ ಗಿರಾಕಿಗಳು ತಮ್ಮದೇ ಸಣ್ಣ ಬಾಯ್ಲರು ಕಟ್ಟಿಕೊಂಡರು, ಒಟ್ಟು ಇಂಧನದ ಖರ್ಚು ಏರಿತು. ಹಂಚಿಕೆಯ ಸೂತ್ರ ಕಾಗದದ ಮೇಲಷ್ಟೇ ಉಳಿಯುವುದಿಲ್ಲ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಡೆನ್ಮಾರ್ಕಿನವರು ಅದರ ಎದುರು ತುದಿಗೆ ಹೋದರು. ಅವರ ಅಂಕಿಅಂಶ ಪದ್ಧತಿಯೊಂದು ಶಾಖ ಶೇ 200 ದಕ್ಷತೆಯಲ್ಲಿ ಹುಟ್ಟುತ್ತದೆ ಎಂದೇ ಭಾವಿಸುತ್ತದೆ. ನಮ್ಮ ಉದಾಹರಣೆಯ 50 ಮೆಗಾವಾಟ್-ಗಂಟೆ ಶಾಖಕ್ಕೆ ಬರೀ 25 ಮೆಗಾವಾಟ್-ಗಂಟೆ ಇಂಧನ. ಕೇಳಿದವರಿಗೆ ವಿಚಿತ್ರ. ಆದರೆ 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದು 1979ರಲ್ಲಿ ಶಾಖ ಪೂರೈಕೆಗೆಂದೇ ಕಾನೂನು ತಂದ ದೇಶ ಅದು. ಇವತ್ತು ಅಲ್ಲಿನ ಮೂರರಲ್ಲಿ ಎರಡು ಪಾಲು ಮನೆಗಳು ಊರ ಕೊಳವೆಯ ಶಾಖದಲ್ಲೇ ಬೆಚ್ಚಗಿವೆ. ಫಿನ್ಲೆಂಡಿನ ಪದ್ಧತಿ ಮಧ್ಯದ್ದು. ಎರಡನ್ನೂ ಬೇರೆ ಬೇರೆ ಮಾಡಿದ್ದರೆ ಎಷ್ಟು ಇಂಧನ ಬೇಕಾಗುತ್ತಿತ್ತೋ ಆ ಅನುಪಾತದಲ್ಲೇ ಲಾಭವನ್ನೂ ಹಂಚುತ್ತದೆ. ವ್ಯಾಪಾರದ ಲೆಕ್ಕಕ್ಕೆ ಇದ್ದುದರಲ್ಲಿ ಹೆಚ್ಚು ನ್ಯಾಯವಾಗಿ ಕಾಣುವುದು ಇದೇ ಎಂಬುದು ನನ್ನ ಅನಿಸಿಕೆ.

ಅಮೆರಿಕ ಈ ವಾದಕ್ಕೆ ಇಳಿಯದೆ ಒರಟಾದ ಒಂದು ನಿಯಮ ಮಾಡಿತು. 1978ರ ಪುರ್ಪಾ ಕಾಯ್ದೆಯಡಿ ಕೋ-ಜನ್ ಘಟಕದ ವಿದ್ಯುತ್ತನ್ನು ವಿದ್ಯುತ್ ಕಂಪನಿಗಳು ಕೊಳ್ಳಲೇಬೇಕಾಯಿತು. ಅರ್ಹತೆಗೆ ತೈಲ ಅಥವಾ ಅನಿಲ ಸುಡುವ ಘಟಕ ತನ್ನ ವಿದ್ಯುತ್ತು ಮತ್ತು ಉಪಯುಕ್ತ ಶಾಖದ ಅರ್ಧ ಸೇರಿಸಿ ಇಂಧನದ ಶೇ 42.5ಕ್ಕೆ ಕಡಿಮೆ ಇಲ್ಲದಂತೆ ತೋರಿಸಬೇಕು. ಶಾಖದ ಪಾಲು ತೀರಾ ಸಣ್ಣದಾದರೆ ಶೇ 45. ಎಕ್ಸರ್ಜಿಯ ವಿದ್ವತ್ತನ್ನೆಲ್ಲ ‘ಶಾಖಕ್ಕೆ ಅರ್ಧ ಅಂಕ’ ಎಂಬ ಎರಡು ಮಾತಿನಲ್ಲಿ ಮುಗಿಸಿದ ನಿಯಮ ಇದು. ಶಾಖ ಕನಿಷ್ಠ ಶೇ 5 ಇದ್ದರೂ ಸಾಕೆಂಬ ಸಡಿಲಿಕೆ ಇದ್ದುದರಿಂದ ವಿದ್ಯುತ್ ಮಾರಾಟವನ್ನೇ ಗುರಿಯಾಗಿಸಿಕೊಂಡು, ಪಕ್ಕದಲ್ಲೊಂದು ಹಸಿರುಮನೆಗೆ ನೆಪಕ್ಕೆ ಹಬೆ ಬಿಡುವ ಸ್ಥಾವರಗಳೂ ಎದ್ದವು. ಅಂಥವನ್ನು ಅಲ್ಲಿನವರು ಪುರ್ಪಾ ಯಂತ್ರಗಳೆಂದೇ ಹಂಗಿಸುತ್ತಿದ್ದರು.

ಅರ್ಧ ಅಂಕದ ಈ ನಿಯಮ ನಮ್ಮಲ್ಲಿಗೂ ಬಂದಿದೆ. ನವೀಕರಿಸಬಹುದಾದ ಇಂಧನದ ದರ ನಿಗದಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2009ರಲ್ಲಿ ಮಾಡಿದ ನಿಯಮಗಳನ್ನು ನೋಡಿ. ಹಂಗಾಮಿನಲ್ಲಿ ವಿದ್ಯುತ್ತು ಮತ್ತು ಶಾಖದ ಅರ್ಧ ಸೇರಿ ಇಂಧನದ ಶೇ 45 ಮೀರಿದರೆ ಮಾತ್ರ ಅದು ಕೋ-ಜನ್. ಅಮೆರಿಕದ ಅನಿಲ ಟರ್ಬೈನುಗಳಿಗೆ ಹೊಲಿದ ಅಂಗಿ ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗೂ ಹೆಚ್ಚುಕಡಿಮೆ ಹೊಂದಿಕೊಂಡಿತು.

ಯುರೋಪ್ ಒಕ್ಕೂಟ 2004ರ ನಿರ್ದೇಶನದಲ್ಲಿ ಪ್ರಶ್ನೆಯನ್ನೇ ಬದಲಿಸಿತು. ಇಂಧನವನ್ನು ಹೇಗೆ ಹಂಚುವುದು ಎನ್ನುವ ಬದಲು, ಈ ಘಟಕ ಇಲ್ಲದಿದ್ದರೆ ಎಷ್ಟು ಇಂಧನ ಉರಿಯುತ್ತಿತ್ತು ಎಂದು ಕೇಳಿತು. ಉಳಿತಾಯ ಶೇ 10 ದಾಟಿದರೆ ಉತ್ತಮ ಘಟಕ ಎಂಬ ಪಟ್ಟ. ಮುಂದೆ 2012ರ ನಿರ್ದೇಶನವೂ ಇದನ್ನೇ ಉಳಿಸಿಕೊಂಡಿತು. ಇಲ್ಲಿ ಕೀಲಿ ಇರುವುದು ಎದುರು ನಿಲ್ಲಿಸುವ ಸ್ಥಾವರದ ಆಯ್ಕೆಯಲ್ಲಿ. ನಮ್ಮ ಹಳೇ ಉದಾಹರಣೆಯ 30 ಮತ್ತು 50ನ್ನೇ ಇಟ್ಟುಕೊಳ್ಳಿ. ಎದುರಿಗೆ ಶೇ 40 ದಕ್ಷತೆಯ ಕಲ್ಲಿದ್ದಲು ಸ್ಥಾವರ ಇದ್ದರೆ ಉಳಿತಾಯ ಶೇ 23. ಅನಿಲಕ್ಕೆ ಯುರೋಪ್ ಇಟ್ಟುಕೊಂಡಿದ್ದ ಶೇ 52.5ರ ಅಳತೆಗೋಲು ಹಿಡಿದರೆ ಅದೇ ಉತ್ಪನ್ನಕ್ಕೆ ಶೇ 11, ಅಂದರೆ ಗೆರೆ ದಾಟಿದರೂ ಕೂದಲೆಳೆಯಷ್ಟು. ಬರೀ ವಿದ್ಯುತ್ ಸ್ಥಾವರಗಳು ಸುಧಾರಿಸಿದಷ್ಟೂ ಕೋ-ಜನ್‌ನ ಅಂಕ ಇಳಿಯುತ್ತದೆ. ಕೋ-ಜನ್ ತಾನು ನಿಂತಲ್ಲೇ ನಿಂತಿದ್ದರೂ ಸರಿಯೇ.

ಇತ್ತ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮೈರನ್ ಟ್ರೈಬಸ್ ಮತ್ತು ರಾಬರ್ಟ್ ಇವಾನ್ಸ್ ಕಡಲ ನೀರು ಸಿಹಿ ಮಾಡುವ ಘಟಕಗಳ ಖರ್ಚು ಅಳೆಯಲು ಹೋಗಿ ಥರ್ಮೋ-ಎಕನಾಮಿಕ್ಸ್ ಎಂಬ ಶಾಖೆಗೆ ಅಡಿಪಾಯ ಹಾಕಿದರು. ಘಟಕದ ಒಳಗಿನ ಪ್ರತಿ ಕೊಳವೆಯಲ್ಲಿ ಹರಿಯುವ ಎಕ್ಸರ್ಜಿಗೂ ಒಂದು ಬೆಲೆಚೀಟಿ ಅಂಟಿಸುತ್ತಾ ಹೋಗುವುದು ಇದರ ವಿಧಾನ. ಎಲ್ಲಿ ಎಕ್ಸರ್ಜಿ ನಾಶವಾಗುತ್ತದೋ ಅಲ್ಲಿ ಹಣ ಸೋರುತ್ತದೆ. ಈ ಪಂಥದವರು ಒಬ್ಬೊಬ್ಬರು ಒಂದೊಂದು ಗಣಿತ ಕಟ್ಟಿಕೊಂಡು ಒಬ್ಬರ ಉತ್ತರ ಇನ್ನೊಬ್ಬರಿಗೆ ತಾಳೆಯಾಗದಿದ್ದಾಗ ನಾಲ್ವರು ಸೇರಿ ಎಲ್ಲರೂ ಬಿಡಿಸಲೇಬೇಕಾದ ಒಂದೇ ಲೆಕ್ಕ ಬರೆದರು. 30 ಮೆಗಾವಾಟ್ ವಿದ್ಯುತ್ತು, 20 ಬಾರ್ ಒತ್ತಡದಲ್ಲಿ ಸೆಕೆಂಡಿಗೆ 14 ಕಿಲೋ ಹಬೆ ಕೊಡುವ ಅನಿಲ ಟರ್ಬೈನ್ ಕೋ-ಜನ್ ಘಟಕ, ಅತಿ ಕಡಿಮೆ ಖರ್ಚಿನ ವಿನ್ಯಾಸ ಯಾವುದು? ಕ್ರಿಸ್ಟೋಸ್ ಫ್ರಾಂಗೋಪೌಲೋಸ್, ಜಾರ್ಜ್ ತ್ಸಾತ್ಸರೋನಿಸ್, ಅಂಟೋನಿಯೊ ವಲೇರೊ, ಮೈಕೆಲ್ ಫಾನ್ ಸ್ಪಕೋವ್‌ಸ್ಕಿ ಇವರ ಮೊದಲ ಹೆಸರಿನ ಮೊದಲಕ್ಷರ ಜೋಡಿಸಿ ‘ಸಿಜಿಎಎಂ’ ಎಂದು ಹೆಸರಿಟ್ಟು 1994ರಲ್ಲಿ ಪ್ರಕಟಿಸಿದರು. ಇಂದಿಗೂ ಕೋ-ಜನ್ ಬಗ್ಗೆ ಪಿಎಚ್.ಡಿ. ಮಾಡುವವರು ಈ ಲೆಕ್ಕದ ಹೊಸ್ತಿಲು ದಾಟಿಯೇ ಒಳಗೆ ಹೋಗುತ್ತಾರೆ. ಹೊಸ ಕ್ರಮವಿಧಿ ಹುಟ್ಟಿದಾಗಲೆಲ್ಲ ಅದನ್ನು ಇದರ ಮೇಲೆ ಓಡಿಸಿ ಒಂದು ಪ್ರಬಂಧ ಬರೆಯುವ ಚಾಳಿಯೂ ಬೆಳೆಯಿತು. ಅಂಥವುಗಳಲ್ಲಿ ನಿಜವಾದ ಸ್ಥಾವರದ ಮಸಿ ಅಂಟಿದವು ಕಡಿಮೆ.

ಪರಿಸರದ ಲೆಕ್ಕ ತಡವಾಗಿ ಸೇರಿತು. ಆರಂಭದಲ್ಲಿ ಅದು ಚಿಮಣಿಯ ಬಾಯಲ್ಲೇ ನಿಂತಿತ್ತು. ಜೀವನಚಕ್ರ ವಿಶ್ಲೇಷಣೆಗೆ 1997ರಲ್ಲಿ ಐಎಸ್‌ಒ 14040 ಮಾನದಂಡ ಬಂದ ಮೇಲೆ ಗಣಿಯಿಂದ ಬೂದಿ ಗುಂಡಿಯವರೆಗೆ ಎಲ್ಲವೂ ಲೆಕ್ಕಕ್ಕೆ ಬಂತು. ಸಾಧ್ಯವಾದಲ್ಲೆಲ್ಲ ಹಂಚಿಕೆಯನ್ನೇ ತಪ್ಪಿಸಿ, ಲೆಕ್ಕದ ಎಲ್ಲೆ ಹಿಗ್ಗಿಸಿ ಎಂಬುದು ಆ ಮಾನದಂಡಗಳ ಬುದ್ಧಿಮಾತು. ತ್ಸಾತ್ಸರೋನಿಸ್ ಮತ್ತು ಸಂಗಡಿಗರು 2009ರಲ್ಲಿ ಹಣದ ಬೆಲೆಚೀಟಿಯ ಜಾಗದಲ್ಲಿ ಪರಿಸರ ಹಾನಿಯ ಚೀಟಿ ಅಂಟಿಸುವ ವಿಧಾನ ಮುಂದಿಟ್ಟರು.

ಈ ಎಲ್ಲ ವಿಧಾನಗಳೂ ನೀರು ಕುಡಿಯುವುದು ಸಕ್ಕರೆ ಕಾರ್ಖಾನೆಯಲ್ಲಿ. ಒಂದು ಟನ್ ಕಬ್ಬು ಅರೆದರೆ ಸುಮಾರು 280ರಿಂದ 300 ಕಿಲೋ ಬಗಾಸ್, ಅಂದರೆ ಸಿಪ್ಪೆ, ಬರುತ್ತದೆ. ಅದರಲ್ಲಿ ಅರ್ಧ ನೀರು. ಆ ನೀರು ಹಬೆಯಾಗಿ ಚಿಮಣಿಯಿಂದ ಹೋಗುವಾಗ ಒಯ್ಯುವ ಶಾಖವನ್ನು ಇಂಧನದ ಖಾತೆಗೆ ಹಿಡಿಯಬೇಕೋ ಬೇಡವೋ ಎಂಬಲ್ಲೇ ಮೊದಲ ಎಡವು. ಬಗಾಸ್‌ನ ಒಟ್ಟು ಶಾಖಮೌಲ್ಯ ಕಿಲೋಗೆ ಸುಮಾರು 2,250 ಕಿಲೋಕ್ಯಾಲರಿ. ನೀರಿನ ಪಾಲು ಕಳೆದ ನಿವ್ವಳ ಮೌಲ್ಯ 1,800ರ ಆಸುಪಾಸು. ಭಾರತದವರು ಮೊದಲನೆಯದನ್ನು, ಯುರೋಪಿನವರು ಎರಡನೆಯದನ್ನು ಹಿಡಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಶೇ 70 ದಕ್ಷತೆಯ ಬಾಯ್ಲರು ಅವರ ಲೆಕ್ಕದಲ್ಲಿ ಶೇ 88ರ ಹತ್ತಿರ ನಿಲ್ಲುತ್ತದೆ. ವಿದೇಶಿ ಪ್ರಬಂಧದ ಅಂಕಿಯನ್ನು ನಮ್ಮ ಕಾರ್ಖಾನೆಗೆ ಹೋಲಿಸಿ ಬೈಯುವವರು ಇದನ್ನು ನೋಡುವುದೇ ಇಲ್ಲ.

ಹಿಂದೆ ಕಾರ್ಖಾನೆಗಳಿಗೆ ದಕ್ಷತೆ ಬೇಡವೇ ಆಗಿತ್ತು. ಬಗಾಸ್ ಉಳಿದರೆ ಗುಡ್ಡೆ ಬೆಳೆಯುತ್ತದೆ, ಬೆಂಕಿಯ ಭಯ ಬೇರೆ. 21 ಬಾರ್ ಆಸುಪಾಸಿನ ಬಾಯ್ಲರಿನಲ್ಲಿ ಇದ್ದಷ್ಟೂ ಸುಟ್ಟು ಕೈತೊಳೆದುಕೊಳ್ಳುವುದೇ ರೂಢಿ. ಒತ್ತಡ 67, 87, 110 ಬಾರ್‌ಗೆ ಏರಿದಂತೆ ಅದೇ ಸಿಪ್ಪೆಯಿಂದ ಟನ್ ಕಬ್ಬಿಗೆ 100 ಯೂನಿಟ್ ಮೀರಿ ವಿದ್ಯುತ್ತು ತೆಗೆಯಬಹುದಾಯಿತು. ಟರ್ಬೈನು ದಾಟಿದ ಹಬೆಯೇ ಇಂಗುಪಾತ್ರೆಗಳಿಗೆ ಹೋಗಿ ಹಾಲನ್ನು ಪಾಕ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಕರ್ನಾಟಕಕ್ಕೆ ರೂಪಿಸಿದ ‘ಡಿಫೆಂಡಸ್’ ಇಂಧನ ಯೋಜನೆಯಲ್ಲಿ ದೊಡ್ಡ ಸ್ಥಾವರ, ವಿದ್ಯುತ್ ಉಳಿತಾಯ, ಸಕ್ಕರೆ ಕಾರ್ಖಾನೆಯ ಕೋ-ಜನ್ ಎಲ್ಲವನ್ನೂ ಯೂನಿಟ್ ಖರ್ಚಿನ ಒಂದೇ ಏಣಿಯ ಮೇಲೆ ನಿಲ್ಲಿಸಿ ಅಗ್ಗದ್ದನ್ನು ಮೊದಲು ಮಾಡಿ ಎಂದರು. ಕೋ-ಜನ್ ಮೌಲ್ಯಮಾಪನದಲ್ಲಿ ಕನ್ನಡ ನಾಡಿನಿಂದ ಬಂದ ಮೂಲ ಚಿಂತನೆ ಎಂದರೆ ಇದನ್ನೇ ಹೇಳಬೇಕು. 2003ರ ವಿದ್ಯುತ್ ಕಾಯ್ದೆ ಕೋ-ಜನ್ ಪ್ರೋತ್ಸಾಹವನ್ನು ರಾಜ್ಯ ಆಯೋಗಗಳ ಹೊಣೆಯಾಗಿಸಿತು.

ಕ್ಯೋಟೊ ಒಪ್ಪಂದ 2005ರಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದ ಹಲವು ಕಾರ್ಖಾನೆಗಳು ಕಾರ್ಬನ್ ಕ್ರೆಡಿಟ್‌ಗೆ ಅರ್ಜಿ ಹಾಕಿದವು. ಬಗಾಸ್‌ನ ಹೊಗೆ ಮುಂದಿನ ವರ್ಷದ ಕಬ್ಬಿಗೇ ಮರಳುತ್ತದೆಂದು ಅದರ ಕಾರ್ಬನ್ ಸೊನ್ನೆ. ಗ್ರಿಡ್ಡಿಗೆ ಕೊಟ್ಟ ಪ್ರತಿ ಯೂನಿಟ್ಟೂ ಗ್ರಿಡ್ಡಿನ ಹೊಗೆಯನ್ನು ತಪ್ಪಿಸಿತು ಎಂದು ಜಮೆ. ಆಗ ದಕ್ಷಿಣ ಗ್ರಿಡ್ಡಿಗೆ ಬೇರೆಯೇ ಅಂಕಿ ಇತ್ತು. 2013ರ ಕೊನೆಯ ದಿನ ಅದು ದೇಶದ ಗ್ರಿಡ್ಡಿಗೆ ಕೂಡಿಕೊಂಡ ಮೇಲೆ ಇಡೀ ಭಾರತಕ್ಕೆ ಒಂದೇ ಅಂಕಿ ಆಯಿತು. ಬಾಯ್ಲರೂ ಅದೇ, ಕಬ್ಬೂ ಅದೇ. ತಪ್ಪಿಸಿದ ಹೊಗೆಯ ಲೆಕ್ಕ ಮಾತ್ರ ಬೇರೆ.

ಸೊನ್ನೆ ಎಂಬುದೂ ಪ್ರಶ್ನಾತೀತವಲ್ಲ. ಕಬ್ಬಿಗೆ ಯೂರಿಯಾ ಹಾಕುತ್ತೇವೆ, ಅದರಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಪಂಪ್‌ಸೆಟ್ಟಿನ ಕರೆಂಟು ರೈತರಿಗೆ ಪುಕ್ಕಟೆಯಾದರೂ ವಾತಾವರಣಕ್ಕೆ ಪುಕ್ಕಟೆಯಲ್ಲ. ಬಗಾಸ್ ಕಸವೆಂದರೆ ಈ ಭಾರವೆಲ್ಲ ಸಕ್ಕರೆಯ ತಲೆಗೆ. ಬೆಲೆಯುಳ್ಳ ಸರಕು ಎಂದರೆ ಒಂದು ಪಾಲು ವಿದ್ಯುತ್ತಿನ ಮೇಲೂ ಬೀಳಬೇಕು. ಅದು ಸರಕೇ ಎನ್ನಲು ಪಕ್ಕದ ತಮಿಳುನಾಡೇ ಸಾಕ್ಷಿ. ಕರೂರಿನ ಬಳಿಯ ಟಿಎನ್‌ಪಿಎಲ್ ಕಾರ್ಖಾನೆ ಬಗಾಸ್‌ನಿಂದ ಕಾಗದ ಮಾಡುತ್ತದೆ. ಬಗಾಸ್ ಬಿಟ್ಟುಕೊಟ್ಟ ಸಕ್ಕರೆ ಕಾರ್ಖಾನೆಗೆ ಬದಲಿಗೆ ಕಲ್ಲಿದ್ದಲ ಹಬೆಯ ವ್ಯವಸ್ಥೆ. ಕಾಗದಕ್ಕೆ ಮರ ಕಡಿಯುವುದು ತಗ್ಗಿತು, ಸಕ್ಕರೆಗೆ ಕಲ್ಲಿದ್ದಲು ಬಂತು. ಬಗಾಸ್ ಸುಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದಕ್ಕೆ ಬೇರೆ ಯಾವ ದಾರಿ ಇತ್ತು ಎಂಬುದರ ಮೇಲೆ ನಿಂತಿದೆ. ಇನ್ನು ಹಂಗಾಮು ಮುಗಿದ ಮೇಲೆ ಅದೇ ಬಾಯ್ಲರಿಗೆ ಕಲ್ಲಿದ್ದಲು ಹಾಕಿ ವಿದ್ಯುತ್ತು ಮಾರುವ ಕಾಲಕ್ಕೆ ಶಾಖದ ಗಿರಾಕಿಯೇ ಇರುವುದಿಲ್ಲ. ಆಗ ಅದು ಸಣ್ಣದೊಂದು, ಅಷ್ಟೇನೂ ದಕ್ಷವಲ್ಲದ ಕಲ್ಲಿದ್ದಲು ಸ್ಥಾವರ. ವರ್ಷದ ಸರಾಸರಿ ಕೊಡುವ ವರದಿಗಳಲ್ಲಿ ಈ ತಿಂಗಳುಗಳು ಮುಚ್ಚಿಹೋಗುತ್ತವೆ. ಹಂಗಾಮಿನದು ಬೇರೆ, ಹಂಗಾಮಿನಾಚೆಯದು ಬೇರೆ ಎಂದು ತೋರಿಸದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಹಣದ ಹಂಚಿಕೆಯೂ ಇದೇ ಗಂಟಿಗೆ ಸಿಕ್ಕಿದೆ. ಸಿ. ರಂಗರಾಜನ್ ಸಮಿತಿ 2012ರಲ್ಲಿ ಸಕ್ಕರೆ ಮತ್ತು ಉಪಉತ್ಪನ್ನಗಳ ಆದಾಯದಲ್ಲಿ ಶೇ 70 ರೈತನಿಗೆ ಎಂದಿತು. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ನಿಯಂತ್ರಣಕ್ಕೆ ಕಾಯ್ದೆ ಮಾಡಿತು. ಸಮಿತಿಯ ಲೆಕ್ಕದಲ್ಲಿ ಉಪಉತ್ಪನ್ನ ಎಂದರೆ ಬಗಾಸ್, ಕಾಕಂಬಿ, ಮಡ್ಡಿ. ವಿದ್ಯುತ್ತಲ್ಲ. ಹಾಗಾದರೆ ಒಂದೇ ಬೇಲಿಯೊಳಗೆ ಮಿಲ್ಲಿನಿಂದ ಬಾಯ್ಲರಿಗೆ ಸಾಗುವ ಬಗಾಸ್‌ಗೆ ಯಾವ ಬೆಲೆ? ಪೇಟೆಯ ಬೆಲೆಯೋ, ಅಷ್ಟೇ ಶಾಖ ಕೊಡುವ ಕಲ್ಲಿದ್ದಲಿನ ಬೆಲೆಯೋ, ಮಾರಿದ ಕರೆಂಟಿನಿಂದ ಹಿಂದಕ್ಕೆ ಎಣಿಸಿದ ಬೆಲೆಯೋ? ಕೀನನ್ ಕೇಳಿದ್ದು ಇದನ್ನೇ, ಹಬೆಯ ವಿಷಯದಲ್ಲಿ. ಅವನ ದಾರಿಯಲ್ಲಿ ನಡೆದರೆ ಇಂಗುಪಾತ್ರೆಗೆ ಹೋದ ಹಬೆಯ ಖರ್ಚು ಇಳಿಯುತ್ತದೆ, ವಿದ್ಯುತ್ತಿನ ಖರ್ಚು ಏರುತ್ತದೆ. ಅಂದರೆ ಸಕ್ಕರೆಯ ಖಾತೆಯಲ್ಲಿ ಲಾಭ ಹೆಚ್ಚು, ಕೋ-ಜನ್ ಖಾತೆಯಲ್ಲಿ ಕಡಿಮೆ. ರೈತನ ಪಾಲು ಯಾವ ಖಾತೆಗೆ ಅಂಟಿದೆ ಎಂಬುದರ ಮೇಲೆ ಥರ್ಮೋಡೈನಮಿಕ್ಸ್ ಅವನ ಜೇಬಿಗೆ ಬರುತ್ತದೆ ಅಥವಾ ಅಲ್ಲಿಂದ ಹೋಗುತ್ತದೆ. ಈಚೆಗೆ ಎಥೆನಾಲ್ ಡಿಸ್ಟಿಲರಿಯೂ ಅದೇ ಹಬೆಗೆ ಕೈಯೊಡ್ಡುತ್ತಿರುವುದರಿಂದ ಪಾಲುದಾರರು ಮೂವರಾಗಿದ್ದಾರೆ.

ಹತ್ತು ವರ್ಷದಿಂದೀಚೆಗೆ ಹೊಸದಾಗಿ ಸೇರಿದ ಅಳತೆ ಗಡಿಯಾರ. ಡೆನ್ಮಾರ್ಕಿನಲ್ಲಿ ಗಾಳಿ ಜೋರಾಗಿ ಬೀಸುವ ಹೊತ್ತು ಕೋ-ಜನ್ ಕೇಂದ್ರಗಳು ಹಿಂದೆ ಸರಿಯುತ್ತವೆ. ದೊಡ್ಡ ಬಿಸಿನೀರ ತೊಟ್ಟಿಗಳೂ ಹೀಟ್ ಪಂಪುಗಳೂ ಶಾಖದ ಕೆಲಸ ನೋಡಿಕೊಳ್ಳುತ್ತವೆ. ಪಾವಗಡದ ಸೋಲಾರ್ ಪಾರ್ಕ್ ಇರುವ ನಮ್ಮ ರಾಜ್ಯದಲ್ಲೂ ನಡುಹಗಲಿನ ಯೂನಿಟ್ಟಿಗೂ ಸಂಜೆ ಏಳರ ಯೂನಿಟ್ಟಿಗೂ ಈಗ ಒಂದೇ ಬೆಲೆಯಿಲ್ಲ, ಒಂದೇ ಹೊಗೆಯೂ ಇಲ್ಲ. ಸೂರ್ಯನ ಬೆಳಕು ಕೂಡಿಡಲು ಬ್ಯಾಟರಿ ಬೇಕು. ಬಗಾಸ್ ಅಂಗಳದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಸಕ್ಕರೆ ಬೇಯಿಸುವ ಹಬೆ ಹಗಲಿರುಳೂ ಬೇಕೇ ಬೇಕು, ನಿಜ. ಆದರೆ ಸಕ್ಕರೆಗೆ ಹೋಗದೆ, ವಿದ್ಯುತ್ತಿಗಷ್ಟೇ ದುಡಿದು ಕಂಡೆನ್ಸರಿನ ಕಡೆ ಹೋಗುವ ಹಬೆಯನ್ನು ಹಗಲು ತಗ್ಗಿಸಿ ಸಂಜೆ ಹೆಚ್ಚಿಸಲು ಯಂತ್ರದಲ್ಲಿ ಅಡ್ಡಿಯಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ, ರಾಜ್ಯದ ಬೇಡಿಕೆ ಏರುವ ಕಾಲಕ್ಕೆ, ಇದರ ಬೆಲೆ ಸಣ್ಣದಲ್ಲ. ಯೂನಿಟ್‌ಗೆ ದಿನವಿಡೀ ಒಂದೇ ದರ ಬರೆದ ಹಳೆಯ ಖರೀದಿ ಒಪ್ಪಂದಗಳಡಿ ಮಾತ್ರ ಹಾಗೆ ಮಾಡಲು ಕಾರ್ಖಾನೆಗೆ ಕಾರಣವೇ ಇಲ್ಲ. ಅದು ಮಧ್ಯಾಹ್ನ ಹನ್ನೆರಡಕ್ಕೂ ಪೂರ್ತಿ ಸುಡುತ್ತದೆ.